ಇಯಾದತ್: ಕ್ಯಾನ್ಸರ್ ಪೀಡಿತ ಮಕ್ಕಳ ಬಳಿ ಕುಳಿತವರ ಇತಿಹಾಸ

ತಿಪಟೂರಿನಿಂದ ಬೆಂಗಳೂರಿನ ಕಡೆಗೆ ಹೊರಟವರು ದಾಟುವ ದೊಡ್ಡ ಕೂಡುರಸ್ತೆ ಕಿಬ್ಬನಹಳ್ಳಿ ಕ್ರಾಸ್. ಜನರ ಬಾಯಲ್ಲಿ ಅದು ಕೆ.ಬಿ. ಕ್ರಾಸ್. ಚಿಕ್ಕನಾಯಕನಹಳ್ಳಿಯ ರಸ್ತೆ ಒಂದು ಕಡೆಯಿಂದ, ತುರುವೇಕೆರೆಯ ರಸ್ತೆ ಇನ್ನೊಂದು ಕಡೆಯಿಂದ ಬಂದು ಇಲ್ಲಿ ಬಿ.ಎಚ್. ರಸ್ತೆಯನ್ನು ಕೂಡುತ್ತವೆ. ಆ ಎರಡು ಪಟ್ಟಣಗಳಿಗೂ ರೈಲಿಲ್ಲ. ಆದುದರಿಂದ ನಸುಕಿನ ಬಸ್ಸಿಗಾಗಿ ಇಲ್ಲಿ ನಿಲ್ಲುವವರ ಸಂಖ್ಯೆ ದೊಡ್ಡದು. ಕೊಬ್ಬರಿ ವ್ಯಾಪಾರಿಗಳು, ಕಾಲೇಜಿನ ಹುಡುಗರು, ಕೋರ್ಟು ಕಚೇರಿಗೆ ಹೊರಟವರು ಇರುತ್ತಾರೆ. ಒಮ್ಮೊಮ್ಮೆ ಅವರ ನಡುವೆ ಮಾಸ್ಕ್ ಹಾಕಿದ, ಕೂದಲು ಉದುರಿದ ತಲೆಗೆ ಟೋಪಿ ತೊಟ್ಟ ಒಂದು ಮಗುವೂ ಇರುತ್ತದೆ. ತಾಯಿಯ ಕೈಯಲ್ಲಿ ಪ್ಲಾಸ್ಟಿಕ್ ಕವರು. ಅದರೊಳಗೆ ರಕ್ತಪರೀಕ್ಷೆಯ ಚೀಟಿಗಳು, ರೇಷನ್ ಕಾರ್ಡಿನ ಜೆರಾಕ್ಸು, ಮುಂದಿನ ತಾರೀಖು ಬರೆದ ಪುಸ್ತಕ. ಎಲ್ಲಿಗೆಂದು ಕೇಳಿದರೆ ಒಂದೇ ಪದದ ಉತ್ತರ: "ಕಿದ್ವಾಯಿಗೆ."

ನಮ್ಮ ಸೀಮೆಯಲ್ಲಿ ಈ ಪದ ಒಂದು ಮನೆಯನ್ನು ಕ್ಷಣಾರ್ಧದಲ್ಲಿ ಮೌನವಾಗಿಸಬಲ್ಲದು. ಅದು ಒಬ್ಬ ಮನುಷ್ಯನ ಹೆಸರೆಂಬುದು ಹೆಚ್ಚಿನವರಿಗೆ ನೆನಪಿಲ್ಲ. ರಫಿ ಅಹ್ಮದ್ ಕಿದ್ವಾಯಿ 1894ರಲ್ಲಿ ಇಂದಿನ ಉತ್ತರ ಪ್ರದೇಶದ ಬಾರಾಬಂಕಿ ಜಿಲ್ಲೆಯ ಮಸೌಲಿಯಲ್ಲಿ ಹುಟ್ಟಿದರು. ಅಲಿಗಢದಲ್ಲಿ ಓದಿ, ಸ್ವಾತಂತ್ರ್ಯ ಹೋರಾಟಕ್ಕೆ ಧುಮುಕಿ, ಸೆರೆಮನೆ ಕಂಡು, ಸ್ವತಂತ್ರ ಭಾರತದ ಮೊದಲ ಸಂಪುಟದಲ್ಲಿ ಸಂಪರ್ಕ ಖಾತೆಯ ಸಚಿವರಾದರು. ಅನಂತರ ಆಹಾರ ಮತ್ತು ಕೃಷಿ ಖಾತೆಯನ್ನು ವಹಿಸಿಕೊಂಡರು. 1954ರ ಅಕ್ಟೋಬರ್‌ನಲ್ಲಿ ಸಚಿವರಾಗಿದ್ದಾಗಲೇ ತೀರಿಕೊಂಡರು. ಕೈಗೆ ಬಂದುದನ್ನು ಬೇಡಿದವರಿಗೆ ಕೊಟ್ಟುಬಿಡುವವರೆಂದೇ ಅವರು ಹೆಸರಾಗಿದ್ದರು. ಅವರ ಸ್ಮಾರಕವಾಗಿ ಬೆಂಗಳೂರಿನಲ್ಲಿ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಆರಂಭವಾದದ್ದು 1973ರ ಜೂನ್‌ನಲ್ಲಿ. 1980ರಲ್ಲಿ ಅದು ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವಾಯಿತು. ಅಂದಿನಿಂದ ಕಲ್ಪತರು ನಾಡಿನ ರೋಗಿಗಳಿಗೆ, ಅದರಲ್ಲೂ ಬಡವರಿಗೆ, ಲಕ್ಕಸಂದ್ರದ ಆ ಕಟ್ಟಡಗಳೇ ಆಸರೆ.

ಆ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಹೆಚ್ಚು ಕಾಣುವ ಕಾಯಿಲೆ ರಕ್ತದ ಕ್ಯಾನ್ಸರ್, ಅಂದರೆ ಲ್ಯುಕೀಮಿಯಾ. ಎಪ್ಪತ್ತೈದು, ಎಂಬತ್ತು ವರ್ಷಗಳ ಹಿಂದೆ ಲೋಕದ ಯಾವ ಆಸ್ಪತ್ರೆಯಲ್ಲೂ ಇದಕ್ಕೆ ಮದ್ದಿರಲಿಲ್ಲ. ಮಗು ಕೆಲವೇ ವಾರಗಳಲ್ಲಿ, ಹೆಚ್ಚೆಂದರೆ ತಿಂಗಳುಗಳಲ್ಲಿ ತೀರಿಕೊಳ್ಳುತ್ತಿತ್ತು. ಇಂದು ಶ್ರೀಮಂತ ದೇಶಗಳಲ್ಲಿ ಇದೇ ಕಾಯಿಲೆಯ ಅತಿ ಸಾಮಾನ್ಯ ಬಗೆಯಿಂದ ಹತ್ತರಲ್ಲಿ ಒಂಬತ್ತು ಮಕ್ಕಳು ಬದುಕುಳಿಯುತ್ತಾರೆ. ಈ ಬದಲಾವಣೆಯನ್ನು ವಿಜ್ಞಾನದ ವಿಜಯವೆಂದು ಬರೆಯುವುದು ವಾಡಿಕೆ. ಅದು ಸುಳ್ಳಲ್ಲ. ಆದರೆ ಆ ಇತಿಹಾಸದೊಳಗೆ ಇನ್ನೊಂದು ಇತಿಹಾಸವಿದೆ. ಮದ್ದನ್ನು ಕಂಡುಹಿಡಿದವರದಲ್ಲ, ಮದ್ದು ಮುಗಿಯುವವರೆಗೆ ಮಗುವನ್ನೂ ತಾಯಿಯನ್ನೂ ಬಿಟ್ಟುಹೋಗದೆ ಇದ್ದವರದು. ನಾನು ಹೇಳಹೊರಟಿರುವುದು ಮುಖ್ಯವಾಗಿ ಅದನ್ನು. ಆದರೂ ಮದ್ದಿನ ಕಥೆಯಿಂದಲೇ ಆರಂಭಿಸಬೇಕು. ಏಕೆಂದರೆ ಅದರ ಮೊದಲ ಅಧ್ಯಾಯ ನಮ್ಮದೇ ದೇಶದ್ದು, ನಮ್ಮದೇ ಸಮುದಾಯದ ಬಡ ಮಹಿಳೆಯರದ್ದು.

1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಬೊಂಬಾಯಿಗೆ ಬಂದರು. ಅಲ್ಲಿ ಗರ್ಭಿಣಿಯರು ತೀವ್ರ ರಕ್ತಹೀನತೆಯಿಂದ ಸಾಯುತ್ತಿದ್ದರು. ಕಾರಣವೇನೆಂದು ತಿಳಿಯುವುದು ಅವರ ಕೆಲಸ. ಹಾಫ್‌ಕಿನ್ ಸಂಸ್ಥೆಯಲ್ಲಿ ಪ್ರಯೋಗ ನಡೆಸುವುದಷ್ಟರಿಂದಲೇ ಅವರು ತೃಪ್ತರಾಗಲಿಲ್ಲ. ಯಾವ ಮನೆಯಲ್ಲಿ ಏನು ಬೇಯುತ್ತದೆ, ಯಾರು ಏನು ಉಣ್ಣುತ್ತಾರೆ ಎಂಬುದನ್ನು ವಿಚಾರಿಸಿದರು. ಹಣ್ಣು ತರಕಾರಿಗಳು ಅತಿ ಕಡಿಮೆ ಸಿಗುತ್ತಿದ್ದ ಬಡ ಮುಸ್ಲಿಮ್ ಮಹಿಳೆಯರಲ್ಲಿ ಈ ರೋಗ ಅತಿ ಹೆಚ್ಚೆಂಬುದು ಅವರಿಗೆ ಗೋಚರವಾಯಿತು. ಕೂನೂರಿನ ಪಾಸ್ಚರ್ ಸಂಸ್ಥೆಯಲ್ಲೂ ಮದರಾಸಿನಲ್ಲೂ ಅವರು ಅಧ್ಯಯನ ಮುಂದುವರಿಸಿದರು. ಯೀಸ್ಟ್‌ನಿಂದ ತಯಾರಿಸಿದ, ಬ್ರೆಡ್ಡಿಗೆ ಹಚ್ಚಿಕೊಳ್ಳುವ ಮಾರ್ಮೈಟ್ ಎಂಬ ಅಗ್ಗದ ಪದಾರ್ಥವನ್ನು ಕೊಟ್ಟರೆ ಆ ಮಹಿಳೆಯರ ರಕ್ತ ಮತ್ತೆ ತುಂಬಿಕೊಳ್ಳುತ್ತದೆಂದು 1931ರಲ್ಲಿ ಪ್ರಕಟಿಸಿದರು. ಅದರೊಳಗಿದ್ದ ವಸ್ತುವೇನೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ಸ್ವಲ್ಪ ಕಾಲ ಅದನ್ನು 'ವಿಲ್ಸ್ ಅಂಶ'ವೆಂದೇ ಕರೆದರು. ಇಂದು ನಮ್ಮ ಅಂಗನವಾಡಿ, ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಕೊಡುವ ಫೋಲಿಕ್ ಆಸಿಡ್ ಅದೇ. ರಕ್ತ ಕೊಟ್ಟು, ತಮ್ಮ ಅಡುಗೆಮನೆಯ ಬಡತನವನ್ನು ಪರಕೀಯ ವೈದ್ಯೆಗೆ ವಿವರಿಸಿದ ಆ ಮಹಿಳೆಯರ ಹೆಸರುಗಳನ್ನು ವೈದ್ಯಕೀಯ ಚರಿತ್ರೆ ಉಳಿಸಿಕೊಂಡಿಲ್ಲ.

ಎರಡನೆಯ ಅಧ್ಯಾಯವೂ ಭಾರತೀಯನೊಬ್ಬನದು. ಆಂಧ್ರದ ಭೀಮಾವರಂನ ಯೆಲ್ಲಾಪ್ರಗಡ ಸುಬ್ಬರಾವ್ 1895ರಲ್ಲಿ ಹುಟ್ಟಿದವರು. ಇಬ್ಬರು ಸೋದರರನ್ನು ಸ್ಪ್ರೂ ಎಂಬ ಕರುಳಿನ ಕಾಯಿಲೆಗೆ ಕಳೆದುಕೊಂಡ ನೋವಿನಿಂದಲೇ ಅವರು ಔಷಧ ಸಂಶೋಧನೆಯ ಹಾದಿ ಹಿಡಿದರೆಂದು ಅವರ ಜೀವನಚರಿತ್ರೆಗಳು ಹೇಳುತ್ತವೆ. ಅಮೆರಿಕಕ್ಕೆ ಹೋಗಿ ಲೆಡರ್ಲೆ ಕಂಪನಿಯಲ್ಲಿ ಸಂಶೋಧನಾ ಮುಖ್ಯಸ್ಥರಾದ ಅವರ ತಂಡ 1945ರ ಹೊತ್ತಿಗೆ ಫೋಲಿಕ್ ಆಸಿಡ್ಡನ್ನು ಪ್ರಯೋಗಾಲಯದಲ್ಲಿ ತಯಾರಿಸಿತು. ಸೋದರರನ್ನು ಕೊಂದ ಸ್ಪ್ರೂವಿಗೂ ಅದೇ ಮದ್ದಾಯಿತೆಂಬುದು ಅಲ್ಲಾಹನ ವಿಧಿಯ ವಿಚಿತ್ರ.

ಬಾಸ್ಟನ್ ನಗರದ ಮಕ್ಕಳ ಆಸ್ಪತ್ರೆಯಲ್ಲಿ ಸಿಡ್ನಿ ಫಾರ್ಬರ್ ಎಂಬ ವೈದ್ಯರಿದ್ದರು. ಬೊಂಬಾಯಿಯ ತಾಯಂದಿರ ರಕ್ತವನ್ನು ಬೆಳೆಸಿದ ವಸ್ತು ಲ್ಯುಕೀಮಿಯಾದ ಮಕ್ಕಳ ರಕ್ತವನ್ನೂ ಸರಿಪಡಿಸಬಹುದೆಂದು ಎಣಿಸಿ ಅವರು ಅದನ್ನು ಕೊಟ್ಟು ನೋಡಿದರು. ಫಲ ತದ್ವಿರುದ್ಧವಾಯಿತು, ಕ್ಯಾನ್ಸರ್ ಕಣಗಳೇ ವೇಗವಾಗಿ ಬೆಳೆದಂತೆ ಅವರಿಗೆ ಕಂಡಿತು. ಸೋಲಿನಿಂದಲೇ ಅವರಿಗೆ ದಾರಿ ತೋರಿತು: ಫೋಲಿಕ್ ಆಸಿಡ್ ಅದಕ್ಕೆ ಆಹಾರವಾದರೆ, ಫೋಲಿಕ್ ಆಸಿಡ್ಡನ್ನು ತಡೆಯುವ ವಸ್ತು ಅದನ್ನು ಉಪವಾಸ ಕೆಡವಬೇಕು. ಅಂಥ ವಸ್ತುವನ್ನು ಕಳುಹಿಸಿಕೊಟ್ಟದ್ದು ಸುಬ್ಬರಾವ್ ಅವರ ತಂಡ. ಅಮಿನೋಪ್ಟೆರಿನ್ ಎಂಬ ಆ ಮದ್ದನ್ನು ಪಡೆದ ಹದಿನಾರು ಮಕ್ಕಳಲ್ಲಿ ಹತ್ತು ಮಂದಿ ಚೇತರಿಸಿಕೊಂಡರೆಂದು ಫಾರ್ಬರ್ 1948ರ ಜೂನ್‌ನಲ್ಲಿ ಪ್ರಕಟಿಸಿದರು. ಚೇತರಿಕೆ ತಾತ್ಕಾಲಿಕವಾಗಿತ್ತು. ಆದರೂ ಲ್ಯುಕೀಮಿಯಾ ಮೊದಲ ಬಾರಿ ಹಿಂದೆ ಸರಿದಿತ್ತು. ಸುಬ್ಬರಾವ್ ಅದೇ ವರ್ಷದ ಆಗಸ್ಟ್‌ನಲ್ಲಿ ತೀರಿಕೊಂಡರು. ಅದೇ ಗುಂಪಿನ ಮೆಥೊಟ್ರೆಕ್ಸೇಟ್ ಎಂಬ ಮಾತ್ರೆಯನ್ನು ಇಂದಿಗೂ ತುರುವೇಕೆರೆಯ ಮಗು ವಾರಕ್ಕೊಮ್ಮೆ ನುಂಗುತ್ತದೆ.

ಇನ್ನೊಂದು ಮದ್ದು ನಮ್ಮ ಹಿತ್ತಲಲ್ಲೇ ಇದೆ. ತೆಂಗಿನ ತೋಟದ ಅಂಚಿನಲ್ಲಿ, ಮನೆಯಂಗಳದಲ್ಲಿ, ಖಬರಸ್ಥಾನದ ಗೋಡೆಯ ಬದಿಯಲ್ಲಿ ನೀರಿಲ್ಲದೆಯೂ ವರ್ಷವಿಡೀ ಹೂ ಬಿಡುವ ಗುಲಾಬಿ ಬಣ್ಣದ ನಿತ್ಯಪುಷ್ಪ, ಅಂದರೆ ಕಾಶಿಕಣಗಿಲೆ. ಅದರ ಎಲೆಗಳಿಂದ ತೆಗೆದ ವಿನ್‌ಕ್ರಿಸ್ಟಿನ್ 1960ರ ದಶಕದಲ್ಲಿ ಲ್ಯುಕೀಮಿಯಾದ ಚಿಕಿತ್ಸೆಗೆ ಬಂತು. (ಇದನ್ನು ಓದಿ ಯಾರೂ ಎಲೆ ಕುದಿಸಿ ಕುಡಿಸಬಾರದು. ಆ ಗಿಡ ವಿಷ. ಮದ್ದಾಗುವುದು ಅಳತೆಯಲ್ಲಿ, ರಕ್ತನಾಳದ ಮೂಲಕ, ಬಲ್ಲವರ ಕೈಯಲ್ಲಿ ಮಾತ್ರ.)

ಮದ್ದಿನ ಮಾತು ಇಷ್ಟು ಸಾಕು. ಹಾಸಿಗೆಯ ಬಳಿ ಯಾರಿದ್ದರೆಂದು ಈಗ ನೋಡೋಣ.

ಫಾರ್ಬರರ ಕಾಲದ ಪಾಶ್ಚಾತ್ಯ ಆಸ್ಪತ್ರೆಗಳಲ್ಲಿ ಅನೇಕ ಕಡೆ ತಂದೆತಾಯಿಯರು ಮಗುವನ್ನು ಬಂದು ನೋಡಲು ವಾರದಲ್ಲಿ ಕೆಲವು ಗಂಟೆಗಳು ಮಾತ್ರ ಅನುಮತಿಯಿತ್ತು. ತಾಯಿ ಬಂದು ಹೋದರೆ ಮಗು ಅಳುತ್ತದೆ, ಬಾರದಿದ್ದರೆ ಸುಮ್ಮನಿರುತ್ತದೆ ಎಂಬುದು ಸಮರ್ಥನೆ. ಲಂಡನ್ನಿನಲ್ಲಿ ಜೇಮ್ಸ್ ರಾಬರ್ಟ್‌ಸನ್ ಎಂಬವರು ಆಸ್ಪತ್ರೆಗೆ ಸೇರಿದ ಎರಡು ವರ್ಷದ ಮಗುವೊಂದರ ದಿನಗಳನ್ನು 1952ರಲ್ಲಿ ಚಿತ್ರೀಕರಿಸಿ ತೋರಿಸಿದ ಮೇಲೆ ಆ ಮೌನದ ಅರ್ಥ ಜನರಿಗೆ ತಿಳಿಯಿತು. ಮಗು ಸಮಾಧಾನಗೊಂಡಿರಲಿಲ್ಲ, ಆಸೆ ಬಿಟ್ಟಿತ್ತು. 1959ರಲ್ಲಿ ಬ್ರಿಟನ್ನಿನ ಪ್ಲಾಟ್ ಸಮಿತಿ ತಾಯಂದಿರಿಗೆ ಬಾಗಿಲು ತೆರೆಯಬೇಕೆಂದು ಶಿಫಾರಸು ಮಾಡಿತು. ನಮ್ಮ ಸರ್ಕಾರಿ ಆಸ್ಪತ್ರೆಗಳ ಮಂಚದ ಕೆಳಗೆ ಚಾಪೆ ಹಾಸಿಕೊಂಡು ಮಲಗುವ ತಾಯಿಯನ್ನು ನಾವು ಹಿಂದುಳಿದಿರುವಿಕೆಯ ಗುರುತೆಂದು ತಿಳಿಯುತ್ತೇವೆ. ಆ ವಿಷಯದಲ್ಲಿ ನಾವು ಅವರಿಗಿಂತ ಹಿಂದಿರಲಿಲ್ಲ.

ಬಾಸ್ಟನ್ನಿನಲ್ಲಿಯೇ 1948ರ ಮೇ 22ರಂದು ಇನ್ನೊಂದು ಘಟನೆ ನಡೆಯಿತು. ಮೇಯ್ನ್ ಪ್ರಾಂತದ ಒಕ್ಕಲು ಮನೆತನದ ಹನ್ನೆರಡು ವರ್ಷದ ಹುಡುಗನೊಬ್ಬ ಫಾರ್ಬರರ ಬಳಿ ಚಿಕಿತ್ಸೆಯಲ್ಲಿದ್ದ. ಅವನ ಹೆಸರನ್ನು ಮರೆಮಾಚಿ 'ಜಿಮ್ಮಿ' ಎಂದು ಕರೆದು, ಅವನ ಹಾಸಿಗೆಯ ಬಳಿಯಿಂದ ರೇಡಿಯೋ ಕಾರ್ಯಕ್ರಮವೊಂದನ್ನು ಇಡೀ ದೇಶಕ್ಕೆ ಬಿತ್ತರಿಸಿದರು. ಅವನು ಮೆಚ್ಚಿದ ಬೇಸ್‌ಬಾಲ್ ತಂಡದ ಆಟಗಾರರು ಒಬ್ಬೊಬ್ಬರಾಗಿ ಕೋಣೆಯೊಳಗೆ ಬಂದರು. ಹುಡುಗನಿಗೆ ಆಟ ನೋಡಲು ಒಂದು ಟೆಲಿವಿಷನ್ ಬೇಕಾಗಿತ್ತು. ಜನರಿಂದ ಕೇಳಿದ್ದು 20,000 ಡಾಲರ್, ಆ ವರ್ಷ ಬಂದದ್ದು 2 ಲಕ್ಷ 31 ಸಾವಿರಕ್ಕೂ ಹೆಚ್ಚು. ಹುಡುಗ ಸತ್ತನೆಂದೇ ಬಹುಕಾಲ ಎಲ್ಲರೂ ಭಾವಿಸಿದ್ದರು. ಐವತ್ತು ವರ್ಷಗಳ ನಂತರ, 1998ರಲ್ಲಿ, ಐನಾರ್ ಗುಸ್ಟಾಫ್‌ಸನ್ ಎಂಬ ಲಾರಿ ಚಾಲಕ ತಾನೇ ಆ ಜಿಮ್ಮಿ ಎಂದು ಲೋಕಕ್ಕೆ ಕಾಣಿಸಿಕೊಂಡ.

ಆ ಕಾರ್ಯಕ್ರಮದ ಬಗ್ಗೆ ನನಗೆ ಎರಡು ಮನಸ್ಸಿದೆ. ಮಗುವನ್ನು ತೋರಿಸಿ ಹಣ ಕೂಡಿಸುವ ಪದ್ಧತಿಯ ಬೇರು ಅಲ್ಲಿದೆ. ಇಂದು ಮೊಬೈಲಿನಲ್ಲಿ ಬರುವ ಬೋಳುತಲೆಯ ಮಕ್ಕಳ ಚಿತ್ರಗಳೂ ಅದರ ಸಂತತಿಯೇ. ಆದರೆ ಅವರು ಮಗುವಿನ ಹೆಸರನ್ನು ಮುಚ್ಚಿದರು, ಮುಖವನ್ನು ತೋರಿಸಲಿಲ್ಲ. ಇಂದಿನವರಿಗೆ ಆ ಎಚ್ಚರವೂ ಇಲ್ಲ.

ಅರಬ್ ಮೂಲದವರ ಪಾತ್ರವನ್ನೂ ಇಲ್ಲಿ ನೆನೆಯಬೇಕು. ಲೆಬನಾನಿನ ಕ್ರೈಸ್ತ ವಲಸಿಗರ ಮಗನಾದ ಡ್ಯಾನಿ ಥಾಮಸ್ ಎಂಬ ಹಾಸ್ಯನಟ ಅಮೆರಿಕದ ಮೆಂಫಿಸ್ ನಗರದಲ್ಲಿ 1962ರಲ್ಲಿ ಸೇಂಟ್ ಜೂಡ್ ಮಕ್ಕಳ ಆಸ್ಪತ್ರೆಯನ್ನು ತೆರೆದ. ಅದಕ್ಕೆ ಹಣ ಕೂಡಿಸಲು 1957ರಲ್ಲಿಯೇ ಲೆಬನಾನ್ ಮತ್ತು ಸಿರಿಯಾ ಮೂಲದವರು ಸಂಘ ಕಟ್ಟಿದ್ದರು. ಕರಿಯರಿಗೂ ಬಿಳಿಯರಿಗೂ ಬೇರೆ ಬೇರೆ ಬಾಗಿಲುಗಳಿದ್ದ ಆ ಪ್ರಾಂತದಲ್ಲಿ ಎಲ್ಲ ಮಕ್ಕಳಿಗೂ ಒಂದೇ ವಾರ್ಡು. ಯಾವ ಮನೆಯವರಿಗೂ ಬಿಲ್ಲು ಕಳುಹಿಸುವುದಿಲ್ಲವೆಂಬುದು ನಿಯಮ. ಅಲ್ಲಿ ಡೊನಾಲ್ಡ್ ಪಿಂಕೆಲ್ ಎಂಬ ವೈದ್ಯರು ಹಲವು ಮದ್ದುಗಳನ್ನು ಒಟ್ಟಾಗಿ, ವರ್ಷಗಟ್ಟಲೆ ಕೊಡುವ ಕ್ರಮವನ್ನು ರೂಪಿಸಿದರು. ಆಗಲೇ 'ಲ್ಯುಕೀಮಿಯಾ ಗುಣವಾಗುತ್ತದೆ' ಎಂಬ ಮಾತನ್ನು ವೈದ್ಯರು ಧೈರ್ಯವಾಗಿ ಆಡಲಾರಂಭಿಸಿದ್ದು.

ಭಾರತದಲ್ಲಿ ಕ್ಯಾನ್ಸರ್ ಆಸ್ಪತ್ರೆಯ ಮೊದಲ ಪ್ರೇರಣೆಯೂ ಒಂದು ಲ್ಯುಕೀಮಿಯಾ ಸಾವೇ. ಮೈಸೂರು ಸಂಸ್ಥಾನದ ಶಿಕ್ಷಣಾಧಿಕಾರಿಯಾಗಿದ್ದ ಎಚ್.ಜೆ. ಭಾಭಾ ಅವರ ಮಗಳು, ಬೆಂಗಳೂರಿನಲ್ಲಿ ಓದಿದ ಮೆಹರ್‌ಬಾಯಿ ಟಾಟಾ, 1931ರಲ್ಲಿ ಆ ಕಾಯಿಲೆಯಿಂದ ತೀರಿಕೊಂಡರು. ಪತಿ ದೊರಾಬ್‌ಜಿ ಟಾಟಾ ಸ್ಥಾಪಿಸಿದ ದತ್ತಿಯಿಂದ ಮುಂದೆ ಬೊಂಬಾಯಿಯ ಟಾಟಾ ಸ್ಮಾರಕ ಆಸ್ಪತ್ರೆ 1941ರಲ್ಲಿ ಆರಂಭವಾಯಿತು. ಮದರಾಸಿನ ಅಡ್ಯಾರಿನಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿ ಅವರ ಛಲದಿಂದ 1954ರಲ್ಲಿ ಕ್ಯಾನ್ಸರ್ ಸಂಸ್ಥೆ ಎದ್ದಿತು. 1980ರ ದಶಕದ ಮಧ್ಯದಲ್ಲಿ ಈ ಎರಡು ಸಂಸ್ಥೆಗಳೂ ದೆಹಲಿಯ ಏಮ್ಸ್ ಕೂಡ ಒಂದು ಸಮಾನ ಚಿಕಿತ್ಸಾಕ್ರಮವನ್ನು ಒಪ್ಪಿಕೊಂಡವು. ಅದಕ್ಕೂ ಮುನ್ನ ನಮ್ಮಲ್ಲಿ ಐವರಲ್ಲಿ ಒಂದು ಮಗು ಬದುಕಿದರೆ ಹೆಚ್ಚಾಗಿತ್ತು. ಆಮೇಲೆ ಆ ಆಸ್ಪತ್ರೆಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳು ಬದುಕುಳಿಯತೊಡಗಿದರು.

ಉಳಿದ ಅರ್ಧ ಏನಾಯಿತು? ಕೆಲವು ಮಕ್ಕಳಿಗೆ ಕಾಯಿಲೆ ಮರುಕಳಿಸಿತು, ಕೆಲವು ಸೋಂಕಿಗೆ ತುತ್ತಾದವು. ಕೆಲವು ಮಕ್ಕಳು ಮಾತ್ರ ಚಿಕಿತ್ಸೆಯ ನಡುವೆ ಮನೆಗೆ ಹೋದವು, ಮತ್ತೆ ಬರಲೇ ಇಲ್ಲ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ 2009ರ ಸುಮಾರಿಗೆ ಐವರಲ್ಲಿ ಒಂದು ಮಗು ಹೀಗೆ ಚಿಕಿತ್ಸೆಯನ್ನು ನಿರಾಕರಿಸುತ್ತಿತ್ತು ಅಥವಾ ಅರ್ಧಕ್ಕೇ ಬಿಡುತ್ತಿತ್ತು. ಕೆಲವೇ ವರ್ಷಗಳಲ್ಲಿ ಆ ಪ್ರಮಾಣ ಶೇಕಡಾ 5ಕ್ಕಿಂತ ಕೆಳಗಿಳಿಯಿತು. ಈ ಅವಧಿಯಲ್ಲಿ ಹೊಸ ಮದ್ದೇನೂ ಬಂದಿರಲಿಲ್ಲ. ಆಸ್ಪತ್ರೆಯವರೂ ಸ್ವಯಂಸೇವಕರೂ ಸೇರಿ ಊರಿನಿಂದ ಬಂದ ಕುಟುಂಬಕ್ಕೆ ಉಳಿಯಲು ಜಾಗ, ತಿನ್ನಲು ಅನ್ನ, ಹಣದ ದಾರಿ, ಧೈರ್ಯ ಹೇಳುವ ಒಬ್ಬ ಮನುಷ್ಯ, ತಾರೀಖಿಗೆ ಬಾರದಿದ್ದರೆ 'ಏಕೆ ಬರಲಿಲ್ಲ?' ಎಂದು ಕೇಳುವ ಒಂದು ಫೋನು, ಇಷ್ಟನ್ನು ಒದಗಿಸಿದರು. ಅದೇ ನಗರದಲ್ಲಿ 2006ರಲ್ಲಿ ಶ್ಯಾಮಾ ಮತ್ತು ನಿಹಾಲ್ ಕವಿರತ್ನೆ ದಂಪತಿಗಳು ಆರಂಭಿಸಿದ ಸೇಂಟ್ ಜೂಡ್ ಇಂಡಿಯಾ ಕೇಂದ್ರಗಳು ಹಳ್ಳಿಯ ಮಕ್ಕಳಿಗೂ ತಂದೆತಾಯಿಗಳಿಗೂ ಚಿಕಿತ್ಸೆಯ ಕಾಲಕ್ಕೆ ಬಾಡಿಗೆಯಿಲ್ಲದ ಮನೆಯಾದವು. ಪಾದಚಾರಿ ರಸ್ತೆಯಲ್ಲಿ ಮಲಗಿ ಮಗುವಿಗೆ ಕಿಮೋಥೆರಪಿ ಕೊಡಿಸುತ್ತಿದ್ದವರನ್ನು ಕಂಡೇ ಇಂಥ ಕೆಲಸಗಳು ಹುಟ್ಟಿದವು. ನಮ್ಮ ಕಿದ್ವಾಯಿಯಲ್ಲಿ ಸಮೀಕ್ಷಾ ಫೌಂಡೇಶನ್ ಎಂಬ ಸಂಸ್ಥೆಯವರು ವಾರ್ಡಿನ ಮಕ್ಕಳಿಗೆ ಪಾಠ ಹೇಳಿಕೊಡುತ್ತ ಬಂದಿದ್ದಾರೆ. ತಲೆಯಲ್ಲಿ ಕೂದಲಿಲ್ಲದ ಮಗುವಿಗೆ ಮಗ್ಗಿ ಕಲಿಸುವವರು, 'ನೀನು ಶಾಲೆಗೆ ಹಿಂದಿರುಗುತ್ತೀಯ' ಎಂಬುದನ್ನು ಬಾಯಿಬಿಟ್ಟು ಹೇಳದೆಯೇ ತಿಳಿಸುತ್ತಾರೆ.

ಇವೆಲ್ಲ ಹೊಸ ಕಾಲದ ಸಮಾಜಸೇವೆಯೆಂದು ತೋರಬಹುದು. ನಮ್ಮ ಇತಿಹಾಸವನ್ನು ಬಲ್ಲವರಿಗೆ ಇದರಲ್ಲಿ ಹಳೆಯ ಪರಿಚಯದ ಮುಖ ಕಾಣುತ್ತದೆ.

ಪ್ರವಾದಿವರ್ಯರ(ಸ) ಸೇವೆಯಲ್ಲಿದ್ದ ಒಬ್ಬ ಯಹೂದಿ ಹುಡುಗ ಕಾಯಿಲೆ ಬಿದ್ದಾಗ ಅವರು ಅವನ ಮನೆಗೆ ಹೋಗಿ ತಲೆಯ ಬಳಿ ಕುಳಿತರೆಂದು ಸಹೀಹ್ ಬುಖಾರಿಯಲ್ಲಿ ಅನಸ್(ರ) ಅವರ ವರದಿಯಿದೆ. ಅನಸರ ತಮ್ಮ ಅಬೂ ಉಮೈರ್‌ಗೆ ಪುಟ್ಟ ಹಕ್ಕಿಯೊಂದಿತ್ತು. ಅದರ ಹೆಸರು ಹಿಡಿದು, ಅವನ ಹೆಸರಿಗೆ ಪ್ರಾಸ ಕೂಡಿಸಿ ಆ ಪುಟ್ಟ ಬಾಲಕನೊಡನೆ ವಿನೋದ ಮಾಡಿದ್ದನ್ನೂ ಅದೇ ಗ್ರಂಥ ದಾಖಲಿಸುತ್ತದೆ. ಹಕ್ಕಿ ಸತ್ತಾಗ ಮಗು ಮಂಕಾಗಿತ್ತೆಂದು ಇತರ ವರದಿಗಳು ಹೇಳುತ್ತವೆ. ಒಂದು ಸಮುದಾಯವನ್ನು ನಡೆಸುತ್ತಿದ್ದವರು ಮಗುವಿನ ಹಕ್ಕಿಯ ಬಗ್ಗೆ ಕೇಳಲು ಸಮಯ ಮಾಡಿಕೊಂಡಿದ್ದರು. ಕ್ಯಾನ್ಸರ್ ವಾರ್ಡಿಗೆ ಹೋಗುವವರು ಮೊದಲು ಕಲಿಯಬೇಕಾದ ಪಾಠ ಇದೇ ಎಂದು ನನ್ನ ಭಾವನೆ: ಮಗುವಿನೊಡನೆ ಮಗುವಿನ ವಿಷಯ ಮಾತಾಡಬೇಕು, ಕಾಯಿಲೆಯದನ್ನಲ್ಲ.

ಕಂದಕ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್(ರ) ಅವರಿಗೆ ಮಸೀದಿಯ ಆವರಣದಲ್ಲಿಯೇ ಗುಡಾರ ಹಾಕಲಾಯಿತು. ಹತ್ತಿರದಿಂದ ಹೋಗಿ ನೋಡಲು ಅನುಕೂಲವಾಗಲೆಂಬುದು ಪ್ರವಾದಿವರ್ಯರ(ಸ) ಉದ್ದೇಶ. ಬನೂ ಅಸ್ಲಮ್ ಗೋತ್ರದ ರುಫೈದಾ(ರ) ಮಸೀದಿಯ ಗುಡಾರದಲ್ಲಿ ಗಾಯಾಳುಗಳ ಶುಶ್ರೂಷೆ ಮಾಡುತ್ತಿದ್ದರೆಂದು ಚರಿತ್ರಕಾರರು ಬರೆದಿದ್ದಾರೆ. ವೇತನವಿಲ್ಲದೆ, ಪುಣ್ಯಾಪೇಕ್ಷೆಯಿಂದ ರೋಗಿಗಳ ಸೇವೆ ಮಾಡಿದ ಮಹಿಳೆ ಆಕೆ.

ಮುಂದೆ ಇದು ಸಂಸ್ಥೆಯ ರೂಪ ಪಡೆಯಿತು. ದಮಾಸ್ಕಸಿನಲ್ಲಿ ನೂರುದ್ದೀನ್ ಝಂಗಿ 1154ರಲ್ಲಿ ಕಟ್ಟಿಸಿದ ಬೀಮಾರಿಸ್ತಾನವನ್ನು 1184ರಲ್ಲಿ ಕಂಡ ಪ್ರವಾಸಿ ಇಬ್ನ್ ಜುಬೈರ್, ಅಲ್ಲಿ ರೋಗಿಗಳ ಹೆಸರುಗಳನ್ನೂ ಅವರ ಮದ್ದು ಆಹಾರಗಳ ಖರ್ಚನ್ನೂ ದಫ್ತರದಲ್ಲಿ ಬರೆದಿಡುತ್ತಿದ್ದರೆಂದು ದಾಖಲಿಸಿದ್ದಾನೆ. ಕೈರೋವಿನಲ್ಲಿ ಸುಲ್ತಾನ್ ಕಲಾವೂನ್ 1284ರಲ್ಲಿ ಕಟ್ಟಿಸಿದ ಆಸ್ಪತ್ರೆಯ ವಕ್ಫ್ ಪತ್ರದಲ್ಲಿ ಗಂಡು ಹೆಣ್ಣು, ಸಿರಿವಂತ ಬಡವ, ಊರವನು ಪರದೇಶಿ ಎಂಬ ಭೇದವಿಲ್ಲ. ಗುಣವಾಗುವ ತನಕ ಉಳಿಯಲು ಅವಕಾಶ. ಸಿರಿಯಾದ ವಿದ್ವಾಂಸ ಮುಸ್ತಫಾ ಅಸ್ಸಿಬಾಈ ಲೆಬನಾನಿನ ತ್ರಿಪೋಲಿಯ ಒಂದು ವಕ್ಫ್ ಬಗ್ಗೆ ಬರೆದದ್ದು ನನ್ನ ಮನಸ್ಸಿನಿಂದ ಹೋಗುವುದೇ ಇಲ್ಲ. ಆ ದತ್ತಿಯ ಉತ್ಪನ್ನದಿಂದ ಇಬ್ಬರಿಗೆ ಸಂಬಳ. ಅವರು ಪ್ರತಿದಿನ ಆಸ್ಪತ್ರೆಯೊಳಗೆ ಓಡಾಡುತ್ತ, ರೋಗಿಯ ಕಿವಿಗೆ ಬೀಳುವಂತೆ, ಆದರೆ ತಮ್ಮತಮ್ಮಲ್ಲೇ ಎಂಬಂತೆ, ಈತನ ಮುಖ ಇಂದು ಕಳೆ ಏರಿದೆ, ಕಣ್ಣು ಚುರುಕಾಗಿದೆ ಎಂದು ಮಾತಾಡಿಕೊಳ್ಳಬೇಕಿತ್ತು. ಅಷ್ಟೇ ಅವರ ಉದ್ಯೋಗ.

ಈಗ ಮತ್ತೆ ನಮ್ಮ ತೆಂಗಿನ ನಾಡಿಗೆ.

ಕೊಬ್ಬರಿ ಎಂದರೆ ಕಾಯುವ ಬೆಳೆ. ಬಲಿತ ಕಾಯಿಯನ್ನು ಅಟ್ಟಕ್ಕೇರಿಸಿದರೆ ಹತ್ತು, ಹನ್ನೊಂದು ತಿಂಗಳು ಮುಟ್ಟುವಂತಿಲ್ಲ. ಒಳಗಿನ ನೀರು ಆರಿ, ತಿರುಳು ಚಿಪ್ಪನ್ನು ಬಿಟ್ಟು, ಅಲುಗಿಸಿದರೆ ಗುಡುಗುಡು ಸದ್ದು ಕೇಳಬೇಕು. ಅವಸರದಿಂದ ಒಡೆದರೆ ಉಂಡೆ ಸಿಗದು. 2024ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ನಿಗದಿ ಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 12,000 ರೂಪಾಯಿ. ಸಣ್ಣ ಹಿಡುವಳಿಯ ಮನೆಗೆ ವರ್ಷವಿಡೀ ಅಟ್ಟವೇ ಬ್ಯಾಂಕು. ಮಗುವಿಗೆ ಇಂಥ ಕಾಯಿಲೆಯೆಂದು ತಿಳಿದ ದಿನ ಮೊದಲು ಖಾಲಿಯಾಗುವುದು ಅದೇ. ಒಣಗುವ ಮುನ್ನವೇ ಕಾಯಿ ಇಳಿಯುತ್ತದೆ, ಸಿಕ್ಕಿದ ಬೆಲೆಗೆ ಹೋಗುತ್ತದೆ. ತೋಟವೇ ಇಲ್ಲದ, ಕಾಯಿ ಸುಲಿದು ಬದುಕುವ ಕೂಲಿಯವರ ಮನೆಯಲ್ಲಿ ಇಳಿಸಲು ಅಟ್ಟವೂ ಇಲ್ಲ. ನಮ್ಮ ಮುಸ್ಲಿಮ್ ಮನೆಗಳಲ್ಲಿ ಅನೇಕವು ಈ ಎರಡನೆಯ ಬಗೆಯವು.

ಚಿಕಿತ್ಸೆಯ ಖರ್ಚು ಹಿಂದಿನಷ್ಟು ಭಯಂಕರವಲ್ಲ ಎಂಬುದನ್ನು ಹೇಳಲೇಬೇಕು. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಬಂದಿತ್ತು. 2018ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಿಂದ ಬಿಪಿಎಲ್ ಕಾರ್ಡಿನವರಿಗೆ ವರ್ಷಕ್ಕೆ 5 ಲಕ್ಷದವರೆಗಿನ ಚಿಕಿತ್ಸೆ ದೊರೆಯುತ್ತದೆ. ಆದರೆ ಯೋಜನೆ ಆಸ್ಪತ್ರೆಯ ಬಿಲ್ಲನ್ನು ಕಟ್ಟುತ್ತದೆ. ಬಸ್ಸಿನ ಚಾರ್ಜನ್ನಲ್ಲ, ತಂದೆಯ ತಪ್ಪಿದ ಕೂಲಿಯನ್ನಲ್ಲ, ರಕ್ತದ ಎಣಿಕೆ ಏರಲಿಲ್ಲವೆಂದು ಇನ್ನೆರಡು ದಿನ ನಿಲ್ಲಬೇಕಾದಾಗಿನ ಊಟವನ್ನಲ್ಲ, ಊರಲ್ಲಿ ಅಜ್ಜಿಯ ಬಳಿ ಬಿಟ್ಟುಬಂದ ಇನ್ನೆರಡು ಮಕ್ಕಳನ್ನಲ್ಲ. ಲ್ಯುಕೀಮಿಯಾದ ಚಿಕಿತ್ಸೆ ಎರಡು, ಎರಡೂವರೆ ವರ್ಷ ನಡೆಯುತ್ತದೆ. ಮೊದಲ ತಿಂಗಳಲ್ಲೇ ರಕ್ತ ತಿಳಿಯಾಗುತ್ತದೆ, ಜ್ವರ ಹೋಗುತ್ತದೆ, ಮಗು ಆಡತೊಡಗುತ್ತದೆ. ಅಪಾಯವಿರುವುದು ಆಗಲೇ. 'ಚೆನ್ನಾಗಿದ್ದಾನಲ್ಲ, ಇನ್ನೇಕೆ ಆ ಮದ್ದಿನ ಹಿಂಸೆ?' ಎಂದು ನೆಂಟರು ಹೇಳುತ್ತಾರೆ. ಕೊಬ್ಬರಿಯ ವಿಷಯದಲ್ಲಿ ಹನ್ನೊಂದು ತಿಂಗಳು ಕಾಯಬಲ್ಲ ಜನ ನಾವು. ಹೊರಗಿನಿಂದ ನೋಡಿ ಒಳಗು ಒಣಗಿದೆಯೆಂದು ಎಂದೂ ನಂಬುವುದಿಲ್ಲ. ಮಗುವಿನ ವಿಷಯದಲ್ಲಿ ನಂಬಿಬಿಡುತ್ತೇವೆ. ಬಿಟ್ಟ ಚಿಕಿತ್ಸೆಯ ನಂತರ ಮರಳಿ ಬರುವ ಕಾಯಿಲೆಯನ್ನು ಗೆಲ್ಲುವುದು ಮೊದಲಿಗಿಂತ ಬಹಳ ಕಷ್ಟ.

ಆದುದರಿಂದ ಸ್ವಯಂಸೇವೆ ಎಂದರೆ ಒಂದು ಶುಕ್ರವಾರ ವಾರ್ಡಿಗೆ ಹೋಗಿ ಹಣ್ಣು ಹಂಚಿ ಫೋಟೋ ತೆಗೆಸಿಕೊಳ್ಳುವುದಲ್ಲ. ಕಟುವಾದ ಮಾತೆನಿಸಿದರೆ ಕ್ಷಮೆಯಿರಲಿ. ಕಿಮೋಥೆರಪಿ ಪಡೆಯುವ ಮಗುವಿನ ರೋಗನಿರೋಧಕ ಶಕ್ತಿ ತೀರಾ ಕುಗ್ಗಿರುತ್ತದೆ. ತೊಳೆಯದ ಹಣ್ಣು, ಹೂವು, ಹೊರಗಿನ ಬಿರಿಯಾನಿ, ನೆಗಡಿಯಾದ ಸಂದರ್ಶಕ, ಇವೆಲ್ಲ ಅದಕ್ಕೆ ಅಪಾಯ. ಪ್ರೀತಿಯಿಂದ ತರುವ ಜೇನು, ಕಲೌಂಜಿ, ಝಮ್‌ಝಮ್ ನೀರನ್ನೂ ವೈದ್ಯರನ್ನು ಕೇಳದೆ ಕುಡಿಸಬಾರದು. ಚಿಕಿತ್ಸೆ ಪಡೆಯಿರಿ ಎಂದು ಪ್ರವಾದಿವರ್ಯರೇ(ಸ) ಪ್ರೇರೇಪಿಸಿದ್ದಾರೆ. ಚಿಕಿತ್ಸೆಯನ್ನು ಕೆಡಿಸುವ ಪ್ರೀತಿ ಆ ಪ್ರೇರಣೆಗೆ ವಿರುದ್ಧವಾದುದು. ಮಗುವಿಗೆ ಇದು ಏಕೆ ಬಂತು, ತಾಯಿ ಬಸುರಿಯಾಗಿದ್ದಾಗ ಏನು ತಿಂದಿದ್ದಳು, ಯಾರ ದೃಷ್ಟಿ ತಾಕಿತು ಎಂಬ ಪ್ರಶ್ನೆಗಳನ್ನು ಮನೆಯಲ್ಲೇ ಬಿಟ್ಟು ಹೋಗಬೇಕು. ಈ ಕಾಯಿಲೆ ಯಾರ ತಪ್ಪಿನಿಂದಲೂ ಬಂದುದಲ್ಲ, ಮುಟ್ಟಿದರೆ ಅಂಟುವುದೂ ಇಲ್ಲ.

ಮಾಡಬೇಕಾದ ಕೆಲಸಗಳು ಕಣ್ಣಿಗೆ ಬೀಳದಷ್ಟು ಸಣ್ಣವು. ತಂದೆ ಬೆಂಗಳೂರಿಗೆ ಹೋದ ದಿನ ಅವನ ಹಸುವಿಗೆ ಮೇವು ಹಾಕಬೇಕು, ಡೈರಿಗೆ ಹಾಲು ಒಯ್ಯಬೇಕು. ಉಳಿದ ಮಕ್ಕಳನ್ನು ನೆರೆಮನೆಯವರು ಶಾಲೆಗೆ ಕಳುಹಿಸಬೇಕು. ಓದು ಬರಹ ಬಲ್ಲ ಯುವಕನೊಬ್ಬ ಮೊದಲ ಸಲ ಜೊತೆಗೆ ಹೋಗಿ ಕಾರ್ಡಿನ ಕೌಂಟರು, ರಕ್ತ ಕೊಡುವ ಕೋಣೆ, ಮಲಗಲು ಸಿಗುವ ಜಾಗ ಎಲ್ಲಿವೆಯೆಂದು ತೋರಿಸಬೇಕು. ನಮ್ಮ ಮನೆಗಳ ತಾಯಂದಿರಿಗೆ ಎಷ್ಟೋ ಸಲ ಕನ್ನಡದ ಚೀಟಿಯನ್ನು ಉರ್ದುವಿನಲ್ಲಿ ವಿವರಿಸುವವರೂ ಬೇಕು. ಮಗು ಊರಲ್ಲಿದ್ದಾಗ ಶಾಲೆಯ ಮೇಷ್ಟ್ರೋ ಮದ್ರಸದ ಉಸ್ತಾದರೋ ಮನೆಗೆ ಬಂದು ಒಂದು ಗಂಟೆ ಪಾಠ ಹೇಳಬಹುದು. ಮಸೀದಿಯ ಝಕಾತ್ ಸಮಿತಿ ರಮದಾನಿನಲ್ಲಿ ಒಮ್ಮೆ ದೊಡ್ಡ ಮೊತ್ತ ಕೊಟ್ಟು ಕೈತೊಳೆದುಕೊಳ್ಳುವುದಕ್ಕಿಂತ, ಎರಡೂವರೆ ವರ್ಷ ಪ್ರತಿ ತಿಂಗಳೂ ಪ್ರಯಾಣದ ಖರ್ಚನ್ನು ಕೊಡುವುದು ಮಗುವಿಗೆ ಹೆಚ್ಚು ಉಪಯುಕ್ತ. ಕಲಾವೂನನ ವಕ್ಫ್ ಪತ್ರದ 'ಗುಣವಾಗುವ ತನಕ' ಎಂಬ ಷರತ್ತು ಇದೇ ಅಲ್ಲವೇ? ಸಹಾಯ ಪಡೆವ ಮಗು ನಮ್ಮ ಮೊಹಲ್ಲಾದ್ದೋ ಪಕ್ಕದ ಹಟ್ಟಿಯದ್ದೋ ಎಂದು ನೋಡುವ ಪದ್ಧತಿ ಆ ಪತ್ರದಲ್ಲೂ ಇರಲಿಲ್ಲ.

ಎಲ್ಲ ಮಕ್ಕಳೂ ಬದುಕುವುದಿಲ್ಲ. ಹೋಗಿಬರುವವರು ಇದಕ್ಕೆ ಸಿದ್ಧರಾಗಿರಬೇಕು. ಹಿಂದಿನ ವಾರ ಚೌಕಾಬಾರ ಆಡಿದ ಹುಡುಗನ ಮಂಚದಲ್ಲಿ ಈ ವಾರ ಬೇರೆ ಮಗು ಮಲಗಿರಬಹುದು. ಅಂಥ ಮನೆಗೆ ಜನಾಝಾದ ದಿನ ಊರೆಲ್ಲ ಹೋಗುತ್ತದೆ. ನಲವತ್ತು ದಿನ ಕಳೆದ ಮೇಲೆ ಯಾರೂ ಹೋಗುವುದಿಲ್ಲ. ಮಗುವಿನ ಹೆಸರು ಹಿಡಿದು ಮಾತಾಡುವವರು ತಾಯಿಗೆ ಆಗಲೂ ಬೇಕಾಗಿರುತ್ತಾರೆ.

ಕೊನೆಯದಾಗಿ ಪ್ಲೇಟ್‌ಲೆಟ್ ವಿಷಯ. ಕಿಮೋಥೆರಪಿಯ ದಿನಗಳಲ್ಲಿ ಮಗುವಿನ ರಕ್ತದಲ್ಲಿ ಪ್ಲೇಟ್‌ಲೆಟ್ ಕುಸಿದರೆ ಮೂಗು ವಸಡುಗಳಿಂದ ರಕ್ತ ಸೋರುತ್ತದೆ, ಕೂಡಲೇ ಬೇರೆಯವರಿಂದ ಪಡೆದು ಏರಿಸಬೇಕು. ದಾನವಾಗಿ ಬಂದ ಪ್ಲೇಟ್‌ಲೆಟ್ ಐದು ದಿನಗಳಿಗಿಂತ ಹೆಚ್ಚು ಉಳಿಯುವುದಿಲ್ಲ. ಆದುದರಿಂದ ವರ್ಷಕ್ಕೊಮ್ಮೆ ಮೀಲಾದಿಗೋ ಸ್ವಾತಂತ್ರ್ಯ ದಿನಕ್ಕೋ ನಡೆಸುವ ಶಿಬಿರ ಎಷ್ಟು ದೊಡ್ಡದಾದರೂ ಅದರ ಪ್ಲೇಟ್‌ಲೆಟ್ ಮುಂದಿನ ವಾರದ ಮಗುವಿಗೆ ಸಿಗದು. ನಮ್ಮ ಮೂರು ತಾಲ್ಲೂಕುಗಳಿಂದ ಹೋಗಿ ಬೆಂಗಳೂರಿನಲ್ಲಿ ಗ್ಯಾರೇಜು, ಬೇಕರಿ, ಗುಜರಿ, ಸಾಫ್ಟ್‌ವೇರ್ ಎಂದು ದುಡಿಯುತ್ತಿರುವ ಹುಡುಗರು ಸಾಕಷ್ಟು ಮಂದಿ ಇದ್ದಾರೆ. ಅವರ ರಕ್ತದ ಗುಂಪನ್ನೂ ಫೋನ್ ನಂಬರನ್ನೂ ಒಂದು ಪುಸ್ತಕದಲ್ಲಿ ಬರೆದು ಮಸೀದಿಯಲ್ಲಿಟ್ಟರೆ, ಊರಿನ ಮಗುವಿಗೆ ಬೇಕಾದ ರಾತ್ರಿ ಒಬ್ಬರಿಗೆ ಕರೆ ಹೋಗುತ್ತದೆ. ರಮದಾನ್ ತಿಂಗಳಾಗಿದ್ದರೆ ಇಫ್ತಾರ್ ಮುಗಿಸಿ, ಹೊಟ್ಟೆ ತುಂಬ ಉಂಡು, ನೀರು ಕುಡಿದು ಹೋಗಬೇಕು. ದಾನಿ ತಲೆ ತಿರುಗಿ ಬಿದ್ದರೆ ವಾರ್ಡಿನವರಿಗೆ ಇನ್ನೊಬ್ಬ ರೋಗಿ.